ದಿನಕ್ಕೊಂದು ಟೈಲ್ಸು

ನಮ್ಮ ಯಜಮಾನರ ಅಣ್ಣ ಪುಸ್ತಕ ಬೈಂಡಿಂಗ್ ಕೆಲಸದವರು. ಮದುವೆಯಾಗಲಿಲ್ಲ. ನಲವತ್ತು ವರ್ಷ ಹರಿದ ಪುಸ್ತಕಗಳಿಗೆ ದಾರ ಹಾಕಿ, ಅಂಟು ಬಳಿದು, ರಟ್ಟು ಕಟ್ಟಿ, ತಮ್ಮನನ್ನು ಓದಿಸಿದರು, ಈ ಮನೆಯನ್ನೂ ಕಟ್ಟಿಸಿದರು. ಅವಸರ ಅನ್ನುವುದು ಅವರ ಜಾತಕದಲ್ಲೇ ಇರಲಿಲ್ಲ. ಯಾರಾದರೂ ಬೇಗ ಕೊಡಿ ಎಂದರೆ, "ಅಂಟು ಆರಬೇಕಲ್ಲಪ್ಪ, ಅದಕ್ಕೇನು ನಿಮ್ಮ ಅರ್ಜೆಂಟು ಗೊತ್ತಾಗುತ್ತಾ?" ಎನ್ನುತ್ತಿದ್ದರು.

ಕಳೆದ ವರ್ಷ ಲಕ್ವ ಹೊಡೆದು ಎಡಗಾಲು ಬಿದ್ದುಹೋಯಿತು. ಆರು ತಿಂಗಳು ಅವರ ಹೇಲುಚ್ಚೆ ಬಾಚಿದವಳು ನಾನು. ಒಳ್ಳೆಯವಳು ಅನ್ನಿಸಿಕೊಂಡೂ ಅನ್ನಿಸಿಕೊಂಡೂ ಸಾಕಾಗಿತ್ತು. ವೃದ್ಧಾಶ್ರಮದಲ್ಲಿ ವಿಚಾರಿಸಿದೆವು. ತಾವಾಗಿಯೇ ನಡೆದು ಕಕ್ಕಸಿಗೆ ಹೋಗಬಲ್ಲವರನ್ನು ಮಾತ್ರ ಸೇರಿಸಿಕೊಳ್ಳುತ್ತಾರಂತೆ. ಭಾವನಿಗೆ ಈ ವಿಷಯ ಹೇಳಲಿಲ್ಲ. ಅವರನ್ನು ನಡೆಸಲು ಅವತ್ತೇ ಟೊಂಕ ಕಟ್ಟಿ ನಿಂತೆ.

ಮಂಚದಿಂದ ಒಂದು ಟೈಲ್ಸಿನಾಚೆ ಕುರ್ಚಿ ಇಟ್ಟೆ. ಅಲ್ಲಿಗೆ ಹೋಗಿ ಕೂತರೆ ಟೀ. ಮರುದಿನ ಎರಡು ಟೈಲ್ಸು, ಅದರ ಮರುದಿನ ಮೂರು. ಬಿದ್ದರೆ ಎಬ್ಬಿಸುತ್ತಿರಲಿಲ್ಲ, ಲೋಟ ಹಿಡಿದು ಸುಮ್ಮನೆ ನಿಂತಿರುತ್ತಿದ್ದೆ. ಅವರಿಗೆ ನನ್ನ ಮೇಲೆ ಒಂದು ದಿನವೂ ಸಿಟ್ಟು ಬರಲಿಲ್ಲ. ಹದಿನಾರು ಪುಟ ಸೇರಿದರೆ ಬೈಂಡಿಂಗಿನವರ ಲೆಕ್ಕದಲ್ಲಿ ಒಂದು ಫಾರಂ. ಹದಿನಾರನೇ ಟೈಲ್ಸು ಮುಟ್ಟಿದ ದಿನ ಬಾಯಿತುಂಬ ನಕ್ಕರು.

"ಒಂದು ಫಾರಂ ಮುಗೀತು ತಾಯಿ. ಇನ್ನೊಂದಾದ್ರೆ ಅಂಗಡಿ ಬಾಗಿಲು ತೆಗೀತೀನಿ. ಹೆತ್ತ ಮಗಳೂ ಇಷ್ಟು ಮಾಡ್ತಿರ್ಲಿಲ್ಲ."

ಟೀ ಲೋಟ ಅವರ ಕೈಗೆ ಕೊಟ್ಟೆ. ಮರುದಿನ ಕುರ್ಚಿಯನ್ನು ಇನ್ನೊಂದು ಟೈಲ್ಸಿನಾಚೆ ಸರಿಸಿದೆ.

ಆಶ್ರಮದವನು ನೋಡಲು ಬಂದಾಗ ಭಾವ ಅವನನ್ನು ಡಾಕ್ಟರ್ ಅಂದುಕೊಂಡರು. ಮೆಚ್ಚಿಸಲು ಹೋಗಿ, ಗೋಡೆಯನ್ನೂ ಹಿಡಿಯದೆ ಕಕ್ಕಸಿನ ತನಕ ನಡೆದು ಬಂದರು. ಯಾರೂ ಕೇಳದಿದ್ದರೂ ಇನ್ನೊಂದು ಸುತ್ತು ಹಾಕಿದರು.

"ಪರವಾಗಿಲ್ಲ, ಸೇರಿಸ್ಕೋಬಹುದು," ಎಂದು ಅವನು ಕಾಗದದಲ್ಲಿ ಬರೆದುಕೊಂಡ. "ಇವತ್ತೇ ಕರ್ಕೊಂಡು ಹೋಗ್ತೀನಿ."

"ಎಲ್ಲಿಗೆ?" ಎಂದರು ಭಾವ.

ಯಜಮಾನರು ಫೋನು ಬಂದವರ ಹಾಗೆ ಎದ್ದು ಹೊರಗೆ ಹೋದರು. ಹೇಳುವ ಕೆಲಸವೂ ನನ್ನ ತಲೆಗೇ ಬಂತು. ಹೇಳಿದೆ.

ಭಾವ ತಾವು ನಡೆದು ಬಂದ ಟೈಲ್ಸುಗಳನ್ನು ನೋಡಿದರು. ಆಮೇಲೆ, ಆಶ್ರಮದವನಿಗೆ ಕೇಳಿಸಬಾರದೆಂದು ನನ್ನ ಹತ್ತಿರ ಬಾಗಿ, ಮೆಲ್ಲಗೆ ಕೇಳಿದರು:

"ಈಗ ಬಿದ್ಬಿಟ್ರೆ ಬಿಟ್ಟು ಹೋಗ್ತಾನಾ, ತಾಯಿ?"

"ಬರ್ಕೊಂಡಾಯ್ತು ಭಾವ," ಎಂದೆ. "ಚಪ್ಪಲಿ ಹಾಕ್ಕೊಳ್ಳಿ."