ತದಿಗೆಯ ರಾತ್ರಿಯ ಕೂಗು

ಇಳಕಲ್ಲಿನ ಪೇಟೆಯಲ್ಲಿ ಈಚೆಗೆ ಯಾರೂ ನನ್ನನ್ನು ಶಾಸನಗಳ ಬಗ್ಗೆ ವಿಚಾರಿಸುವುದಿಲ್ಲ. ಹಿಂದೆಯೂ ವಿಚಾರಿಸುತ್ತಿರಲಿಲ್ಲವೆಂಬುದನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ಇಲ್ಲಿಯೇ ದಾಖಲಿಸುತ್ತೇನೆ. ವ್ಯತ್ಯಾಸವೆಂದರೆ, ಹಿಂದೆ ಅವರು ನನ್ನನ್ನು ಕಂಡು ನಮಸ್ಕಾರವಷ್ಟನ್ನೇ ಹೇಳಿ ಮುಂದೆ ಸಾಗುತ್ತಿದ್ದರು. ಈಗ ನಿಲ್ಲಿಸಿಕೊಂಡು ಚಿರತೆಯ ಬಗ್ಗೆ ಕೇಳುತ್ತಾರೆ. ಬದನೆಕಾಯಿ ತೂಗುವವಳು ತಕ್ಕಡಿಯನ್ನು ಗಾಳಿಯಲ್ಲಿ ತಡೆಹಿಡಿದು ಕೇಳುತ್ತಾಳೆ. ಕ್ಷೌರದವನು ಕತ್ತಿಯನ್ನು ನನ್ನ ಗಂಟಲ ಮೇಲಿಟ್ಟುಕೊಂಡೇ ಕೇಳುತ್ತಾನೆ. ಅಂಥ ಸ್ಥಿತಿಯಲ್ಲಿ ವಿವರವಾದ ಖಂಡನೆ ಸಾಧ್ಯವಿಲ್ಲವೆಂಬುದು ತಮಗೂ ಹೊಳೆಯಬಹುದು. ಒಂದು ರಾತ್ರಿ ಬಾದಾಮಿಯ ಗುಡ್ಡದ ಕುರುಚಲು ಕಾಡಿನಲ್ಲಿ ಒಬ್ಬನೇ ಡೇರೆ ಹಾಕಿ ಮಲಗಿದ್ದಾಗ ಯಾವುದೋ ಪ್ರಾಣಿಯ ಕೂಗು ಕೇಳಿದೆ. ನನಗೆ ಗೊತ್ತಿರುವುದು ಇಷ್ಟೇ. ಊರಿಗೆ ಗೊತ್ತಿರುವುದು ಬಹಳ ಹೆಚ್ಚು.

ನನ್ನ ಕಸುಬನ್ನು ಹೇಳಿಬಿಡುವುದು ಒಳ್ಳೆಯದು. ಶಾಸನಗಳ ಕಾಲವನ್ನು ತಾಳೆ ನೋಡುವುದರಲ್ಲಿ ನನ್ನ ಸೇವಾವಧಿ ಪೂರ್ತಿ ಕಳೆಯಿತು. ಶಾಸನವೊಂದು ಶಕವರ್ಷವನ್ನು ಹೇಳುತ್ತದೆ, ಸಂವತ್ಸರದ ಹೆಸರನ್ನು ಹೇಳುತ್ತದೆ, ತಿಥಿಯನ್ನೂ ವಾರವನ್ನೂ ಹೇಳುತ್ತದೆ. ನಾಲ್ಕೂ ಒಂದಕ್ಕೊಂದು ಹೊಂದಿದರೆ ಅದು ನಂಬತಕ್ಕದ್ದು. ಸಾಮಾನ್ಯವಾಗಿ ಹೊಂದುವುದಿಲ್ಲ. ಬರೆಸಿದವನು ಕಳೆದ ವರ್ಷವನ್ನು ಎಣಿಸಿದನೋ ನಡೆಯುತ್ತಿರುವ ವರ್ಷವನ್ನೋ ಎಂಬ ಒಂದೇ ಸಂಶಯದ ಮೇಲೆ ಗೆಳೆತನಗಳು ಮುರಿದುದನ್ನು ಕಂಡಿದ್ದೇನೆ. ನಿವೃತ್ತಿಯ ನಂತರ ಚಟ ಹೋಗುತ್ತದೆಂದು ಮನೆಯವರು ನಂಬಿದ್ದರು. ಅದು ಮದುವೆಯ ಕರೆಯೋಲೆಗಳ ಮೇಲೆ ತಿರುಗಿತು. ಮುಹೂರ್ತದ ತಿಥಿಗೂ ವಾರಕ್ಕೂ ಹೊಂದಾಣಿಕೆಯಿಲ್ಲವೆಂದು ತೋರಿಸಿಕೊಟ್ಟ ಎರಡು ಮನೆಗಳಿಂದ ನನಗೆ ಈಗ ಕರೆಯೋಲೆ ಬರುವುದಿಲ್ಲ.

ಬಾದಾಮಿಯಿಂದ ಮಹಾಕೂಟದ ಕಡೆಗಿರುವ ಗುಡ್ಡದಲ್ಲಿ, ಕಾರೆಯ ಮುಳ್ಳುಕಂಟಿಗಳ ನಡುವೆ, ಒಂದು ಬಂಡೆಯ ಮೇಲೆ ಸಣ್ಣದೊಂದು ಬರಹವಿದೆ. ಅದರ ಕಾಲ ನಿರ್ಧಾರವಾಗಬೇಕಾದರೆ ವಾರದ ಹೆಸರು ತಿಳಿಯಬೇಕು. ಕಲ್ಲಿನಲ್ಲಿ ಉಳಿದಿರುವುದು ‘ಮವಾರ’ ಎಂಬಷ್ಟೇ. ಅದರ ಹಿಂದಿನ ಅಕ್ಷರ ಸವೆದಿದೆ. ಸೋಮವಾರವಾಗಿದ್ದರೆ ಒಂದು ವರ್ಷ, ಭೌಮವಾರ, ಎಂದರೆ ಮಂಗಳವಾರವಾಗಿದ್ದರೆ ಇನ್ನೊಂದು. ಸವೆದ ಅಕ್ಷರಗಳನ್ನು ಎದ್ದು ಬರುವಂತೆ ಮಾಡಲು ಸೂರ್ಯ ಮೇಲೇಳುವ ಹೊತ್ತಿನ ಓರೆ ಬೆಳಕಿಗಿಂತ ಒಳ್ಳೆಯ ಸಾಧನವಿಲ್ಲ. ಇಳಕಲ್ಲಿನಿಂದ ಹೊರಡುವ ಯಾವ ಬಸ್ಸೂ ಆ ಬೆಳಕನ್ನು ಹಿಡಿಯಲಾರದು. ಆದುದರಿಂದ ಹಿಂದಿನ ರಾತ್ರಿಯೇ ಬಂಡೆಯ ಬಳಿ ಇರತಕ್ಕದ್ದು. ಬಾದಾಮಿಯಲ್ಲಿ ಲಾಡ್ಜುಗಳಿಲ್ಲವೇ, ಓರೆಯಾಗಿ ಹಿಡಿಯಲು ಟಾರ್ಚು ಇಲ್ಲವೇ ಎಂದು ತಾವು ಕೇಳಬಹುದು. ಮನೆಯಲ್ಲಿಯೂ ಕೇಳಿದರು. ಟಾರ್ಚಿನ ಬೆಳಕು ಕಲ್ಲಿನ ಒರಟನ್ನೂ ಅಕ್ಷರವೆಂದು ತೋರಿಸುತ್ತದೆಂಬ ಶಾಸ್ತ್ರೀಯ ಉತ್ತರ ಕೊಟ್ಟೆ. ಅದು ಸುಳ್ಳಲ್ಲ. ಆದರೆ ಬಂಡೆಯ ಎದುರು ಮಾತಿಲ್ಲದೆ ಒಬ್ಬನೇ ಕೂಡುವ ಸುಖ ಈ ವಯಸ್ಸಿನಲ್ಲಿ ನನಗೆ ಬೇರೆಲ್ಲಿಯೂ ದೊರೆಯುವುದಿಲ್ಲ ಎಂಬ ಇನ್ನೊಂದು ಕಾರಣವನ್ನು ಹೇಳಲಿಲ್ಲ.

ಅರಣ್ಯ ಇಲಾಖೆಯ ಅನುಮತಿ ಸುಲಭವಾಗಿ ಸಿಕ್ಕಿತು. ಮನೆಯ ಅನುಮತಿಗೆ ಒಂದು ಮಳೆಗಾಲ ಹಿಡಿಯಿತು. ನನ್ನ ಪತ್ನಿ ಗೌರಮ್ಮ ನೇಕಾರರ ಮನೆಯಲ್ಲಿ ಬೆಳೆದವಳು. ಮಗ್ಗದ ಮುಂದೆ ಕೂತವರಿಗೆ ಒಂದು ಎಳೆ ತಪ್ಪಿದರೂ ತಿಳಿಯುವಂತೆ, ನನ್ನ ಮಾತಿನಲ್ಲಿ ಎಲ್ಲಿ ಎಳೆ ಬಿಟ್ಟಿದೆಯೆಂಬುದು ಅವಳಿಗೆ ತಿಳಿಯುತ್ತದೆ. ಅವಳು ಹಾಕಿದ ಷರತ್ತು ಒಂದೇ. ಈ ಸಲ ಏನಾದರೂ ಎಡವಟ್ಟಾದರೆ ಇನ್ನು ಮುಂದೆ ಗುಡ್ಡಕ್ಕೆ ಒಬ್ಬರೇ ಹೋಗುವ ಮಾತನ್ನೇ ಎತ್ತಬಾರದು. ಹೋಗುವುದಾದರೆ ಅವಳ ಅಣ್ಣ ಶಿವಪ್ಪ ಜೊತೆಗಿರಬೇಕು. ಶಿವಪ್ಪನವರು ಪವರ್‌ಲೂಮಿನ ಮಾಲಕರು. ಮಗ್ಗಗಳ ಗದ್ದಲವನ್ನು ಮೀರಿ ಮಾತಾಡಿ ರೂಢಿಯಾದವರು, ಗದ್ದಲವಿಲ್ಲದ ಕಡೆಯಲ್ಲಿಯೂ ಹಾಗೆಯೇ ಮಾತಾಡುತ್ತಾರೆ. ಆದುದರಿಂದ ಪಣಕ್ಕೆ ಬಿದ್ದದ್ದು ಒಂದು ಶಾಸನದ ವಾರವಷ್ಟೇ ಆಗಿರಲಿಲ್ಲ. ಉಳಿದ ಆಯುಷ್ಯದಲ್ಲಿ ನಾನು ಒಬ್ಬನೇ ಇರಬಹುದಾದ ಏಕಮಾತ್ರ ಜಾಗ ಪಣಕ್ಕಿತ್ತು.

ಪಂಚಾಂಗ ನೋಡಿ ಶುಕ್ಲ ತದಿಗೆಯನ್ನು ಆರಿಸಿಕೊಂಡೆ. ಸಂಜೆ ಡೇರೆ ಕಟ್ಟುವಷ್ಟು ಹೊತ್ತು ತೆಳ್ಳನೆಯ ಚಂದ್ರನಿರುತ್ತಾನೆ, ಆಮೇಲೆ ಕತ್ತಲಾಗಿ ನಿದ್ದೆಗೆ ಅನುಕೂಲ. ಕೆರೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಬಾಲ್ಯದ ಗೆಳೆಯ ವೀರಣ್ಣ ತನ್ನ ಮೋಟಾರ್ ಸೈಕಲ್ಲಿನ ಮೇಲೆ ಗುಡ್ಡದ ಬುಡದವರೆಗೆ ಬಿಟ್ಟು, ಬೆಳಿಗ್ಗೆ ಬರುವುದಾಗಿ ಹೇಳಿ ಹೋದ. ನಾನು ರೊಟ್ಟಿ ತಿಂದೆ, ಬಂಡೆಗೆ ಒಮ್ಮೆ ಕೈಯಾಡಿಸಿ ಮಲಗಿದೆ. ಚಂದ್ರ ಮುಳುಗಿ ಸ್ವಲ್ಪ ಹೊತ್ತಾಗಿರಬೇಕು, ಕೂಗು ಕೇಳಿತು.

ಎಣ್ಣೆ ಕಾಣದ ಬಾಗಿಲನ್ನು ಯಾರೋ ಬಹಳ ನಿಧಾನವಾಗಿ ತೆರೆದಂತೆ ಅದು ಆರಂಭವಾಯಿತು. ನಡುವೆ ಸ್ವಲ್ಪ ಬಿಡುವು. ಕೊನೆಗೆ, ಸಭೆಯಲ್ಲಿ ಆಕ್ಷೇಪವೆತ್ತಲಿರುವ ಹಿರಿಯ ವಿದ್ವಾಂಸನೊಬ್ಬ ಗಂಟಲು ಸರಿಮಾಡಿಕೊಂಡಂತೆ. ನನ್ನ ಮೈಯ ರೋಮಗಳು ಎದ್ದುನಿಂತವು. ಬುದ್ಧಿ ಮಾತ್ರ ಹಳೆಯ ಅಭ್ಯಾಸದಂತೆ ಕೆಲಸಕ್ಕೆ ತೊಡಗಿತು. ಮೊದಲನೆಯ ಕೂಗು ಮೂಡಲಿನಿಂದ ಬಂದಿತ್ತು. ಬೆನ್ನಿಗೇ ಪಡುವಲಿನಿಂದ ಇನ್ನೊಂದು ಕೇಳಿತು, ಸ್ವಲ್ಪ ಕ್ಷೀಣವಾಗಿ, ಆದರೆ ಮೊದಲನೆಯದಕ್ಕೆ ಸಂಪೂರ್ಣವಾಗಿ ಸಮ್ಮತಿಸುವಂತೆ. ಎರಡು ಪ್ರಾಣಿಗಳಿವೆ, ಅವು ಪರಸ್ಪರ ಸಂವಾದದಲ್ಲಿವೆ, ಸಂವಾದದ ವಿಷಯ ನಡುವೆ ಮಲಗಿರುವ ನಾನು ಎಂದು ತೀರ್ಮಾನಿಸಿದೆ. ಸ್ವತಂತ್ರವಾದ ಎರಡು ಸಾಕ್ಷ್ಯಗಳಿದ್ದ ಮೇಲೆ ಸಂಶಯಕ್ಕೆ ಎಡೆಯೆಲ್ಲಿ? ಹೀಗೆ ಹೆದರಿಕೆಗೆ ಗಟ್ಟಿಯಾದ ಶಾಸ್ತ್ರಾಧಾರವನ್ನು ಒದಗಿಸಿಕೊಂಡು ಬಹಳ ಹೊತ್ತು ಬೆವರಿದೆ.

ಆಮೇಲೆ ನನಗೆ ಕೆಮ್ಮು ಬಂತು. ಪಡುವಲಿನಿಂದಲೂ ಯಾರೋ ಕೆಮ್ಮಿದರು.

ಬಾದಾಮಿಯ ಬಂಡೆಗಲ್ಲಿನ ಗೋಡೆಗಳು ಯಾವ ಮಾತನ್ನೂ ಇಟ್ಟುಕೊಳ್ಳದೆ ಹಿಂದಿರುಗಿಸುತ್ತವೆಂಬುದು ಅಲ್ಲಿಗೆ ಪ್ರವಾಸ ಬರುವ ಶಾಲೆಯ ಮಕ್ಕಳಿಗೂ ಗೊತ್ತು. ಅವರು ಅದಕ್ಕಾಗಿಯೇ ಕಿರುಚುತ್ತಾರೆ. ಮೂಲವನ್ನೂ ಅದರ ನಕಲನ್ನೂ ಎರಡು ಸಾಕ್ಷ್ಯಗಳೆಂದು ಎಣಿಸಬಾರದೆಂದು ಎಷ್ಟು ಮಂದಿಗೆ ಉಪದೇಶಿಸಿದ್ದೇನೋ! ಒಂದು ಶಾಸನವನ್ನು ನೋಡಿ ಬರೆದ ಇನ್ನೊಂದು ಶಾಸನವನ್ನು ಆಧಾರವಾಗಿ ತೋರಿಸಿದವರ ಲೇಖನಗಳ ಮೇಲೆ ಎಷ್ಟು ಕೆಂಪು ಶಾಯಿ ಸುರಿದಿದ್ದೇನೋ! ಪ್ರಾಣಿ ಒಂದೇ ಎಂದು ಖಚಿತವಾದದ್ದರಿಂದ ಹೆದರಿಕೆ ಅರ್ಧಕ್ಕೆ ಇಳಿಯಬೇಕಿತ್ತು. ಗಣಿತ ಅಲ್ಲಿ ನಡೆಯಲಿಲ್ಲ. ಅದು ರಾತ್ರಿಯುದ್ದಕ್ಕೂ ಬಿಟ್ಟು ಬಿಟ್ಟು ಕೂಗಿತು, ನಾನು ಬಿಡದೆ ಕೇಳಿದೆ. ಮೂಡಲಲ್ಲಿ ಬೆಳಕು ಹರಿಯುವ ಸೂಚನೆ ಕಂಡದ್ದೇ ಅದು ಸುಮ್ಮನಾಯಿತು. ಆ ನೆಮ್ಮದಿಯಲ್ಲಿ ನನಗೆ ನಿದ್ದೆ ಹತ್ತಿತು. ಎದ್ದಾಗ ಸೂರ್ಯ ನೆತ್ತಿಯ ಕಡೆಗೆ ಸಾಗಿದ್ದ. ಬಂಡೆ ಬೆಳ್ಳಗೆ ಬೋಳಾಗಿ ನಿಂತಿತ್ತು. ‘ಮವಾರ’ದ ಹಿಂದೆ ಏನಿತ್ತೆಂಬುದು ಎಂದಿನಂತೆ ಕಲ್ಲಿನೊಳಗೇ ಉಳಿದಿತ್ತು. ಯಾವ ಗಳಿಗೆಗಾಗಿ ಒಂದು ಮಳೆಗಾಲವಿಡೀ ವಾದಿಸಿದ್ದೆನೋ ಆ ಗಳಿಗೆಯಲ್ಲಿಯೇ ಗೊರಕೆ ಹೊಡೆದಿದ್ದೆ. ಆ ಗೊರಕೆಗೂ ಪಡುವಲ ಬಂಡೆ ಉತ್ತರ ಕೊಟ್ಟಿರಬೇಕು.

ವೀರಣ್ಣ ಬಂದ. ಕಣ್ಣು ಕೆಂಪಾಗಿರುವ ಕಾರಣವನ್ನು ಕೇಳಿದ, ಹೇಳಿದೆ. ಬಾಗಿಲಿನ ಹೋಲಿಕೆಯನ್ನು ಇನ್ನೂ ಪೂರ್ತಿ ಮಾಡಿರಲಿಲ್ಲ, ಅವನು ನಿರ್ಣಯ ಕೊಟ್ಟುಬಿಟ್ಟ.

“ಲೇ, ನೀ ಉಳದದ್ದ ದೊಡ್ಡದು. ಅದು ಚಿರತಿ.”

ಚಿರತೆ ಹಾಗೆ ಕೂಗುತ್ತದೆಂಬುದಕ್ಕೆ ಆಧಾರವೇನೆಂದು ಕೇಳಿದೆ. ಮತ್ತೇನು ಆಡು ಕೂಗೀತೇ ಎಂಬುದು ಅವನ ಆಧಾರವಾಗಿತ್ತು. ಕೆರೂರಿನ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಷ್ಟರಲ್ಲಿ ಚಹದ ಅಂಗಡಿಯವರಿಗೆ ಅವನು ಸಂಗತಿಯನ್ನು ತಿಳಿಸಿದ. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಮರೋಳದ ಗೃಹಸ್ಥರೊಬ್ಬರು, ನಾನೇ ಆ ಮನುಷ್ಯನೆಂದು ತಿಳಿಯದೆ, ಡೇರೆಯ ಬಟ್ಟೆಯನ್ನು ಚಿರತೆ ಪರಚಿದ ಬಗೆಯನ್ನು ನನಗೇ ವಿವರಿಸಿದರು. ಡೇರೆ ನನ್ನ ತೊಡೆಯ ಮೇಲೆಯೇ ಮಡಚಿಕೊಂಡು ಕುಳಿತಿತ್ತು, ಒಂದು ದಾರವೂ ಹರಿಯದೆ. ಅದನ್ನು ಬಿಚ್ಚಿ ತೋರಿಸಿದೆ. ಅವರು ಬಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, ಹಾಗಾದರೆ ಅದು ಬೇರೆ ಡೇರೆ ಇರಬೇಕೆಂದರು.

ನಮ್ಮೂರಿನ ಸೀರೆಯಲ್ಲಿ ಮೈಯ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡನ್ನೂ ಕೊಂಡಿ ಹಾಕಿ ಒಂದಾಗಿಸುತ್ತಾರೆ. ಉಟ್ಟವರಿಗೆ ಕೊಂಡಿ ಕಾಣುವುದಿಲ್ಲ, ನೋಡುವವರ ಕಣ್ಣೆಲ್ಲ ಸೆರಗಿನ ಮೇಲೆ. ದಂತಕಥೆಗಳೂ ಹೀಗೆಯೇ ನೇಯಲ್ಪಡುತ್ತವೆ ಎಂದು ನಾನೇ ಎಲ್ಲಿಯೋ ಬರೆದಿದ್ದೆ. ಮೈ ನಾನಾಗಿ, ಸೆರಗು ವೀರಣ್ಣನಾಗಿ, ಮಗ್ಗದ ಮೇಲೆ ಏರಿದಾಗ ಆ ಉಪಮೆ ನನಗೆ ಮೊದಲಿನಷ್ಟು ರಮ್ಯವಾಗಿ ತೋರಲಿಲ್ಲ.

ಮನೆಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಶಿವಪ್ಪನವರು ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕುಳಿತಿದ್ದರು. ನಾನು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಅದರಿಂದ ಚಿರತೆ ಗುರುಗುಟ್ಟಿತು. ಆಮೇಲೆ ತೋಳ, ನರಿ, ಕತ್ತೆಕಿರುಬ, ನವಿಲು, ಗೂಬೆ. ಇದೇನು, ಇದೇನು ಎಂದು ಪ್ರತಿಯೊಂದಕ್ಕೂ ಕೇಳಿದರು. ನವಿಲಿನ ತನಕ ಅಲ್ಲವೆಂದು ಹೇಳುವ ಧೈರ್ಯವಿತ್ತು. ಆಮೇಲೆ ನನ್ನ ಕಿವಿಯೊಳಗಿನ ಮೂಲವೇ ಕಲುಷಿತವಾಯಿತು. ಸವೆದ ಅಕ್ಷರದ ಮುಂದೆ ನಿಂತಾಗ ಪಕ್ಕದವನು ಒಮ್ಮೆ ಇದು ಇಂಥ ಅಕ್ಷರವೆಂದು ಹೇಳಿಬಿಟ್ಟರೆ ಆಮೇಲೆ ಕಲ್ಲು ಅದನ್ನೇ ತೋರಿಸತೊಡಗುತ್ತದೆ, ಎಷ್ಟು ಕಣ್ಣುಜ್ಜಿಕೊಂಡರೂ ಬೇರೆ ಕಾಣುವುದಿಲ್ಲ. ಆ ಸಂಜೆಯ ಹೊತ್ತಿಗೆ ನನ್ನ ಪ್ರಾಣಿ ತೋಳದಂತೆ ಆರಂಭಿಸಿ ಗೂಬೆಯಂತೆ ಮುಗಿಸುತ್ತಿತ್ತು. ಶಿವಪ್ಪನವರದು ಮಾತ್ರ ಒಂದೇ ಆಕ್ಷೇಪ: ನಾನು ಶಾಸನವನ್ನು ಗಟ್ಟಿಯಾಗಿ ಓದಿ ಹೇಳಿದ್ದರೆ ಪ್ರಾಣಿ ಯಾವುದಿದ್ದರೂ ಗುಡ್ಡ ಬಿಟ್ಟು ಓಡುತ್ತಿತ್ತಂತೆ.

ಇದೆಲ್ಲವನ್ನೂ ಸಹಿಸಿದೆ. ಸಹಿಸಲಾಗದ್ದು ಬೇರೆ. ವಾರ ಕಳೆಯುವುದರೊಳಗೆ ಕಥೆಯಲ್ಲಿ ಆ ರಾತ್ರಿ ಅಮಾವಾಸ್ಯೆಯಾಗಿತ್ತು. ತದಿಗೆಯೆಂದು ತಿದ್ದಿದೆ. ಹೌದೌದೆಂದು ತಲೆಯಾಡಿಸಿ, ಮುಂದಿನವರಿಗೆ ಅಮಾವಾಸ್ಯೆಯೆಂದೇ ಹೇಳಿದರು. ಪಂಚಾಂಗವನ್ನು ಕ್ಷೌರದ ಅಂಗಡಿಗೇ ಒಯ್ದು ಪುಟ ತೆರೆದು ತೋರಿಸಿದೆ. ಕ್ಷೌರದವನು ಬಹಳ ಗೌರವದಿಂದ ನೋಡಿ, ಅಮಾವಾಸ್ಯೆಯಾದರೆ ಚೆನ್ನಾಗಿ ಹೊಂದುತ್ತದೆ ಸರ ಎಂದ. ಸುಳ್ಳು ಚಿರತೆಯೊಂದಿಗೆ ನಾನು ಹೇಗೋ ಬಾಳಿಯೇನು. ತಪ್ಪು ತಿಥಿಯೊಂದಿಗೆ ಬಾಳಲಾರೆ. ಮುಂದೊಂದು ಕಾಲಕ್ಕೆ ನನ್ನಂಥವನೊಬ್ಬ ಈ ಕಥೆಯ ಕಾಲನಿರ್ಣಯಕ್ಕೆ ಕೂತು, ಅಮಾವಾಸ್ಯೆಯನ್ನು ಹಿಡಿದುಕೊಂಡು ಪರದಾಡುವುದನ್ನು ನೆನೆದರೆ ಈಗಲೂ ಕನಿಕರವಾಗುತ್ತದೆ.

ಈ ಗದ್ದಲದಲ್ಲೆಲ್ಲ ಗೌರಮ್ಮ ಒಂದು ಮಾತನ್ನೂ ಆಡಿರಲಿಲ್ಲ. ಅವಳ ಮೌನಕ್ಕಿಂತ ಚಿರತೆ ಎಷ್ಟೋ ಪಾಲು ಸೌಮ್ಯ. ಒಂದು ಮಧ್ಯಾಹ್ನ, ಶಿವಪ್ಪನವರಿಲ್ಲದಾಗ, ಮೆಂತೆಸೊಪ್ಪು ಬಿಡಿಸುತ್ತ ಕುಳಿತಿದ್ದವಳು ತಲೆಯೆತ್ತದೆ ಕೇಳಿದಳು.

“ಖರೆ ಹೇಳ್ರಿ. ಏನಿತ್ತದು?”

ಉತ್ತರ ನನ್ನ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಗೂಬೆ ಎಂದುಬಿಡಬಹುದಿತ್ತು. ಗೂಬೆಯಾಗಿದ್ದಿರಲೂಬಹುದು. ಆ ಒಂದು ಮಾತಿನಿಂದ ಗುಡ್ಡದ ದಾರಿ ಮತ್ತೆ ನನಗೊಬ್ಬನಿಗೇ ತೆರೆಯುತ್ತಿತ್ತು, ‘ಮವಾರ’ದ ಹಿಂದಿನ ಅಕ್ಷರವೂ ಸಿಗುತ್ತಿತ್ತು. ಶಾಸನದ ಪಾಠದಲ್ಲಿ ಬಿಟ್ಟುಹೋದ ಅಕ್ಷರವನ್ನು ಊಹಿಸಿ ತುಂಬುವಾಗ ನಾವು ಅದನ್ನು ಚೌಕ ಕಂಸದೊಳಗೆ ಇಡುತ್ತೇವೆ. ಇದು ಕಲ್ಲಿನದಲ್ಲ, ನನ್ನದು ಎಂದು ಓದುಗನಿಗೆ ತಿಳಿಯಲೆಂದು. ಹೆಂಡತಿಯೊಡನೆ ಮಾತಾಡುವಾಗ ಹಾಕಲು ಅಂಥ ಕಂಸವಿಲ್ಲ.

“ಗೊತ್ತಿಲ್ಲ,” ಎಂದೆ.

ಅವಳು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆಗೆ ಸರಿಸಿದಳು. ಹೆದರಿಕೆಯಾಗಿತ್ತೇ ಎಂದು ಕೇಳಿದಳು. ಆಗಿತ್ತೆಂದೆ. ಮತ್ತೆ ಹೋಗುವ ಮನಸ್ಸಿದೆಯೇ ಎಂದು ಕೇಳಿದಳು. ಇದೆಯೆಂದೆ. ಇನ್ನು ಶಿವಪ್ಪನವರ ಧ್ವನಿಯಲ್ಲಿ ಬಾದಾಮಿಯ ಬಂಡೆಗಳೆಲ್ಲ ಮಾರ್ನುಡಿಯುವುದನ್ನು ಕೇಳುವುದೇ ನನ್ನ ಹಣೆಬರಹವೆಂದು ಎದ್ದು ಹೋಗಲು ನೋಡಿದೆ.

“ಕುಂದರ್ರಿ,” ಎಂದಳು. “ನೀವು ಗೂಬಿ ಅಂದಿದ್ರ ನಾ ಬಿಡ್ತಿದ್ದಿಲ್ಲ. ಗೂಬಿ ಅಂತ ನಂಬಿದ್ರ ಡೇರೆದ ಬಾಗಲಾ ತಗದ ಮಲಗ್ತೀರಿ. ಏನೋ ಗೊತ್ತಿಲ್ಲ ಅಂದ್ರ ಹಾಕ್ಕೊಂಡ ಮಲಗ್ತೀರಿ. ಹೋಗಿ ಬರ್ರಿ, ಅಣ್ಣಗ ನಾ ಹೇಳ್ತೇನಿ.”

ಇಷ್ಟು ಸರಳವಾದ ತರ್ಕ ನಮ್ಮ ವಿದ್ವತ್ ಸಭೆಗಳಲ್ಲಿ ಬಳಕೆಯಲ್ಲಿದ್ದಿದ್ದರೆ ಎಷ್ಟು ಗೆಳೆತನಗಳು ಉಳಿಯುತ್ತಿದ್ದವು ಎಂದು ಯೋಚಿಸುತ್ತ ಕೂತೆ. ಆಮೇಲೆ ಪಂಚಾಂಗ ತೆರೆದೆ. ಬರುವ ತಿಂಗಳ ತದಿಗೆಯನ್ನು ಗುರುತು ಹಾಕಿ, ಅದು ಬೇರೊಂದು ಪಂಚಾಂಗದಲ್ಲಿಯೂ ತದಿಗೆಯೇ ಎಂಬುದನ್ನು ಖಚಿತಪಡಿಸಿಕೊಂಡಿದ್ದೇನೆ. ಬೆಳಕು ಹರಿಯುವ ಮುನ್ನ ಎಬ್ಬಿಸುವ ಗಡಿಯಾರವನ್ನೂ ಕೊಂಡಿದ್ದೇನೆ. ಬಂಡೆ ಇಷ್ಟು ಕಾಲ ಕಾದಿದೆ, ಇನ್ನೊಂದು ತಿಂಗಳು ಕಾದೀತು. ಸೋಮವಾರವೋ ಭೌಮವಾರವೋ ಒಂದಾಗದೆ ಎಲ್ಲಿಗೆ ಹೋದೀತು? ವಿಚಿತ್ರವೆಂದರೆ, ಹಾಸಿಗೆಗೆ ಒರಗಿದಾಗ ನನ್ನ ಲಕ್ಷ್ಯ ಆ ಅಕ್ಷರದ ಕಡೆಗೆ ಹೋಗುವುದೇ ಇಲ್ಲ. ಕಿವಿ ತಾನಾಗಿ ಮೂಡಲಿನ ಕಡೆ ತಿರುಗುತ್ತದೆ. ಅಷ್ಟು ದೂರ ಹೋಗಿ, ಡೇರೆಯ ಬಾಗಿಲನ್ನು ಭದ್ರವಾಗಿ ಹಾಕಿಕೊಂಡು ಮಲಗಿದಾಗ, ಆ ಹಾಳು ಪ್ರಾಣಿ ಒಮ್ಮೆಯೂ ಕೂಗದೆ ಇದ್ದುಬಿಟ್ಟರೆ ಏನು ಗತಿ ಎಂಬ ಚಿಂತೆ ನನ್ನನ್ನು ಈಗಿನಿಂದಲೇ ನಿದ್ದೆಗೆಡಿಸಿದೆ.