ಮೀಸೆಯ ಬುಡದ ಚುಕ್ಕೆ

ಕೋಣಂದೂರಿನ ಆ ವಾಚ್ ರಿಪೇರಿಯವರ ಬಲಗಣ್ಣಿನ ಸುತ್ತ ಬಳೆ ಒತ್ತಿದಂಥ ಗುರುತಿತ್ತು. ಹಗಲೆಲ್ಲ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಆದದ್ದು. ಅಥವಾ ಎಡಗಣ್ಣೇ ಇದ್ದೀತು. ನನ್ನ ನೆನಪನ್ನು ನಾನು ನಂಬುವುದಿಲ್ಲ, ಅದಕ್ಕೆ ಕಾರಣವಿದೆ.

ಎಪ್ಪತ್ತರ ದಶಕದ ಕೊನೆ. ಸಂಶೋಧನೆಗೆಂದು ಮೇಗರವಳ್ಳಿಯ ಪೊದೆಗಳಲ್ಲಿ ಮರಜೀರುಂಡೆ ಹಿಡಿಯುತ್ತಿದ್ದೆ. ತಿಳಿಹಸಿರು ಮೈ, ಗಾಜಿನಂಥ ರೆಕ್ಕೆ, ಮೈಗಿಂತ ಉದ್ದದ ಮೀಸೆ. ಎಲ್ಲವೂ ಒಂದೇ ಜಾತಿ ಎಂದು ಸೀಸೆಗಳಿಗೆ ಚೀಟಿ ಅಂಟಿಸಿಯಾಗಿತ್ತು. ನಿಂತುಹೋದ ವಾಚು ಕೊಡಲು ಹೋದಾಗ ಅವರು ನನ್ನ ಕೈಯಲ್ಲಿದ್ದ ಸೀಸೆಗಳನ್ನು ಕಂಡರು.

"ಎಂತದು ಮೇಷ್ಟ್ರೆ, ಉಪ್ಪಿನಕಾಯಾ? ಕೊಡಿ ಇಲ್ಲಿ."

ಮಸೂರ ಹಾಕಿ ತುಂಬ ಹೊತ್ತು ನೋಡಿದರು. "ಇವು ಎರಡು ಬಗೆ ಮಾರಾಯ್ರೆ."

"ಬಣ್ಣ ಒಂದೇ, ರೆಕ್ಕೆ ಒಂದೇ," ಎಂದೆ.

"ಡಯಲ್ ನೋಡಿ ವಾಚ್ ಗುರ್ತು ಹಿಡೀತೀರಾ? ಮೀಸೆ ಬುಡದ ಎರಡು ಗೆಣ್ಣು ನೋಡಿ. ಇದಕ್ಕೆ ಕರೀ ಚುಕ್ಕೆ. ಅದಕ್ಕೆ ಕೊಕ್ಕೆ ಹಾಂಗೆ ಗೀರು. ಓದಿದ್ದು ಎಂತಕ್ಕೆ ನೀವು?"

ನಕ್ಕು ಬಂದೆ. ಎಂಟು ದಿನ ಬಿಟ್ಟು ಸೀಸೆಗಳನ್ನೆಲ್ಲ ಬಿಚ್ಚಿ ನೋಡಿದರೆ, ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ತಾರೀಖು ಹಾಕಿ ಬರೆದೆ: "ಇಂದು ಗಮನಿಸಿದೆ."

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವರಿಗೊಂದು ಸಾಲಿಟ್ಟಿದ್ದೆ. ನನ್ನ ಪ್ರಾಧ್ಯಾಪಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. "ವಾಚ್ ರಿಪೇರಿಯವನು ಕೀಟದ ಜಾತಿ ಗುರುತಿಸಿದ ಅಂದ್ರೆ ನಗ್ತಾರೆ ಕಣ್ರೀ." ಆ ಸಾಲಿಲ್ಲದ ಪ್ರತಿಯನ್ನೇ ಅಚ್ಚಿಗೆ ಕೊಟ್ಟೆ. ಆ ಪ್ರಾಧ್ಯಾಪಕರನ್ನು ವರ್ಷಗಟ್ಟಲೆ ಮನಸ್ಸಿನಲ್ಲೇ ಬೈದೆ. ಬೈಯುತ್ತಲೇ, ತರಗತಿಗಳಲ್ಲಿ "ನಾನು ಗಮನಿಸಿದೆ" ಎಂದು ಪಾಠ ಮಾಡಿದೆ. ಹೇಳಿ ಹೇಳಿ ನಂಬಿಯೂಬಿಟ್ಟೆ. ಟಿಪ್ಪಣಿ ಪುಸ್ತಕ ಸಾಕ್ಷಿಗಿತ್ತಲ್ಲ!

ಅಚ್ಚಾದ ಪ್ರಬಂಧವನ್ನು ಕೋಣಂದೂರಿಗೆ ಒಯ್ದು ವಾಚ್ ರಿಪೇರಿಯವರಿಗೆ ತೋರಿಸಿದ್ದೆ. ಇಂಗ್ಲಿಷ್ ಓದಲು ಬಾರದವರು. "ನಮ್ಮ ಚುಕ್ಕೆ ಎಲ್ಲಿದೆ, ತೋರ್ಸಿ," ಎಂದರು. ಚಿತ್ರ ತೋರಿಸಿದೆ. ಬೆರಳಿಂದ ಸವರಿ, "ಚಂದ ಬಿಡ್ಸೀರಿ," ಎಂದರು.

ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡರು. ಆಮೇಲೊಮ್ಮೆ ಅದೇ ವಾಚು ನಿಂತಾಗ ಸಾಗರದಲ್ಲಿ ರಿಪೇರಿಗೆ ಕೊಟ್ಟೆ. ಅಲ್ಲಿಯವನು ಹಿಂದಿನ ಮುಚ್ಚಳ ತೆಗೆದು ನಕ್ಕ. "ರಿಪೇರಿ ಮಾಡ್ದೋರು ಒಳಗೆ ತಾರೀಖು ಗೀರ್ತೀವಿ ಸಾರ್, ಅದು ಪದ್ಧತಿ. ಪಕ್ಕದಲ್ಲಿ ಈ ಚುಕ್ಕೆ, ಕೊಕ್ಕೆ ಎಂತಕ್ಕೆ?"

ತಾರೀಖು ನನ್ನ ಟಿಪ್ಪಣಿಗಿಂತ ಎಂಟು ದಿನ ಹಿಂದಿನದು.

"ಮುಚ್ಚಳ ಹಾಕಿ ಕೊಡಿ," ಎಂದೆ. ಸಿಟ್ಟು ನೆತ್ತಿಗೇರಿತ್ತು. ಈ ಸಲ ಅದು ಪ್ರಾಧ್ಯಾಪಕರ ಮೇಲಿನದಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ.