ವ್ಯಾಸರಾಜರ ಶನಿವಾರದ ತರಗತಿ

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹನ್ನೊಂದು ಸಾವಿರ ಪುಸ್ತಕಗಳಿದ್ದವು. ಅವನ್ನು ಯಾರೂ ಓದದಂತೆ ನೋಡಿಕೊಳ್ಳಲು ಗಾಜಿನ ಬೀರುಗಳಿದ್ದವು, ಬೀರುಗಳಿಗೆ ಬೀಗವಿತ್ತು, ಬೀಗದ ಕೈ ಕಾಯಲು ಒಬ್ಬ ಗ್ರಂಥಪಾಲಕರಿದ್ದರು. ಅವರೇ ಬಾಗಲಕೋಟೆ ಕಡೆಯ ವ್ಯಾಸರಾಜರು. ನಾಗಪುರಕ್ಕೆ ಬಂದು ಆರು ವರ್ಷವಾಗಿತ್ತು. ಬೀಗ ಕಾಯ್ದುಕೊಂಡು, ಸಂಜೆ ಐದಕ್ಕೆ ಕೊಡೆ ಹಿಡಿದು ಮನೆಗೆ ಹೋಗಿದ್ದರೆ ಸುಖವಾಗಿರುತ್ತಿದ್ದರು. ಆದರೆ ಹುಡುಗರಿಗೆ ಪುಸ್ತಕ ಹುಡುಕುವುದನ್ನು ಕಲಿಸಬೇಕೆಂಬ ಹುಚ್ಚು ಅವರಿಗೆ.

ನಮಗೋ ಪುಸ್ತಕದ ಗರಜೇ ಇರಲಿಲ್ಲ. ಇತಿಹಾಸದ ಪ್ರೊಫೆಸರ್ ಲಕ್ಷ್ಮೀಕಾಂತ ಪಂತರು ಹದಿನೆಂಟು ವರ್ಷಗಳಿಂದ ಅದೇ ಹಳದಿ ಕಾಗದಗಳನ್ನು ಓದಿ ನೋಟ್ಸ್ ಬರೆಸುತ್ತಿದ್ದರು. ಅಣ್ಣ ಬರೆದ ನೋಟ್ಸಿನ ವಹಿ ತಮ್ಮನಿಗೆ ಬರುತ್ತಿತ್ತು. ಪಂತರು ಎಲ್ಲಿ ಹಾಸ್ಯ ಮಾಡುತ್ತಾರೆಂದು ಅದರ ಅಂಚಿನಲ್ಲಿ ಗುರುತೂ ಇರುತ್ತಿತ್ತು. ಅವಸರದವರು ಒಂದು ಸಾಲು ಮೊದಲೇ ನಕ್ಕುಬಿಡುತ್ತಿದ್ದರು.

೧೯೫೧ರ ಜೂನ್‌ನಲ್ಲಿ ವ್ಯಾಸರಾಜರು ಪ್ರಿನ್ಸಿಪಾಲರನ್ನು ಕಾಡಿ ಬೇಡಿ ಶನಿವಾರ ಒಂದು ತರಗತಿ ಗಿಟ್ಟಿಸಿದರು. ಷರತ್ತು ಇಷ್ಟೇ: ಅದಕ್ಕೆ ಬರುವವರು ಪೂರ್ವಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದರೆ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕನ್ನಡ ಬಲ್ಲ ಹನ್ನೊಂದು ಜನ ಸೇರಿದೆವು. ನಾನು ಹೋದದ್ದು ಅಲ್ಲಿ ಫ್ಯಾನ್ ಇತ್ತೆಂದು. ರೈಲ್ವೆ ಗಾರ್ಡ್ ಶಂಕರಪ್ಪನವರ ಮಗಳು ತುಂಗಾ ಮಾತ್ರ ನಿಜವಾಗಿ ಕಲಿಯಲು ಬಂದವಳು.

"ನೋಟ್ಸಿನಾಗಿಂದ ಒಂದು ವಾಕ್ಯ ತರ್ರಿ. ಅದು ಯಾವ ಪುಸ್ತಕದಾಗ ಐತಿ ಹುಡುಕ್ರಿ. ಬರೆದಾವಗ ಅದು ಹೆಂಗ ಗೊತ್ತಾತು ಅಂತ ಕೇಳ್ರಿ," ಎಂದರು ವ್ಯಾಸರಾಜರು.

ತುಂಗಾ ತಂದ ವಾಕ್ಯ: 'ಸೀತಾಬರ್ಡಿಯ ಕಾಳಗ ಒಂಬತ್ತು ದಿನ ನಡೆಯಿತು.' ಇಂಗ್ಲಿಷರೊಡನೆ ಆ ಕಾಳಗ ನಡೆದ ಗುಡ್ಡ ಗ್ರಂಥಾಲಯದ ಕಿಟಕಿಯಿಂದಲೇ ಕಾಣುತ್ತಿತ್ತು. ಪುಸ್ತಕಪಟ್ಟಿಯ ಕಾರ್ಡುಗಳ ಡಬ್ಬಿ ತಡಕಿ ಆರು ಪುಸ್ತಕ ತೆಗೆದೆವು. ಕಾಳಗ ಒಂದು ಸಂಜೆ ಶುರುವಾಗಿ ಮರುದಿನ ಮುಗಿಯಿತು ಎಂದು ನಾಲ್ಕು ಹಳೆಯ ಗ್ರಂಥಗಳು ಹೇಳಿದವು. ಒಂಬತ್ತು ದಿನ ಎಂದವು ಎರಡು ಗೈಡುಗಳು. ಒಂದನ್ನು ಬರೆದವರು ಪಂತರೇ. ಇನ್ನೊಂದರ ಮುನ್ನುಡಿಯಲ್ಲಿ ಪಂತರಿಗೆ ಕೃತಜ್ಞತೆ ಇತ್ತು.

"ಸಾಕ್ಷಿ ಎರಡು, ಬಾಯಿ ಒಂದ," ಎಂದು ವ್ಯಾಸರಾಜರು ನಕ್ಕರು. ಆ ವರ್ಷ ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಕಂಡದ್ದು ಅದೊಂದೇ ದಿನ.

ಸುದ್ದಿ ಪಂತರಿಗೆ ಮುಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಮರುದಿನವೇ ತರಗತಿಯಲ್ಲಿ ಸಾರಿದರು: ಪೂರ್ವಪರೀಕ್ಷೆಗೆ ಸೀತಾಬರ್ಡಿಯ ಕಾಳಗ ಬಂದೇ ಬರುತ್ತದೆ, ನೋಟ್ಸ್ ಬಿಟ್ಟು ಬೇರೆ ಬರೆದರೆ ಸೊನ್ನೆ.

ಪರೀಕ್ಷೆಗೆ ಎರಡು ದಿನವಿದ್ದಾಗ ನಾವು ವ್ಯಾಸರಾಜರ ಮುಂದೆ ನಿಂತೆವು. ಏನು ಬರೆಯಬೇಕು? ಅವರು ಬಹಳ ಹೊತ್ತು ಚಷ್ಮಾ ಒರೆಸಿದರು.

"ಒಂಬತ್ತು ಬರೀರಿ. ಈ ವರ್ಷ ಒಂದು ದಾಟ್ಲಿ. ತರಗತಿ ಉಳೀತಂದ್ರ ಮುಂದ ಬರೋರಿಗೆ ಖರೇ ಹೇಳೋಣಂತ."

ನಮಗೆ ಹೋದ ಜೀವ ಬಂದಂತಾಯಿತು. ಹತ್ತು ಜನ ಒಂಬತ್ತು ಬರೆದೆವು, ಚಲೋ ಅಂಕ ಬಂದವು. ತುಂಗಾ ಎರಡೇ ದಿನ ಎಂದು ಬರೆದು, ಕೆಳಗೆ ಪುಸ್ತಕದ ಹೆಸರು, ಪುಟದ ಸಂಖ್ಯೆಯನ್ನೂ ಕಾಣಿಸಿದ್ದಳು. ಪಂತರು ಸೊನ್ನೆ ಸುತ್ತಿ, 'ತರಗತಿಯಲ್ಲಿ ಲಕ್ಷ್ಯವಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದರು. ಮೂರು ಅಂಕದಿಂದ ಫೇಲು. ಫೇಲಾದವರ ಫಾರ್ಮನ್ನು ವಾರ್ಷಿಕ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಒಮ್ಮೆ ಫೇಲಾದರೆ ಓದು ಸಾಕು ಎಂದು ಶಂಕರಪ್ಪನವರು ಮೊದಲೇ ಹೇಳಿಟ್ಟಿದ್ದರು.

ನನ್ನ ಫಾರ್ಮಿಗೆ ಸಹಿ ಹಾಕಿಸಲು ನಾನು ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತಿದ್ದಾಗ ವ್ಯಾಸರಾಜರು ನಾಲ್ಕು ಪುಸ್ತಕ ಹೊತ್ತು ಒಳಗೆ ಬಂದರು. ತುಂಗಾಳ ಉತ್ತರ ಸರಿಯಾಗಿದೆ, ಅಂಕ ಕೊಡಿಸಿ ಎಂದು ಪುಟ ತೆರೆದು ತೋರಿಸಿದರು. ಪ್ರಿನ್ಸಿಪಾಲರು ಪುಟ ನೋಡಲಿಲ್ಲ. ದೇಶದ ಮೊದಲ ಚುನಾವಣೆ ಆಗಷ್ಟೇ ಮುಗಿದಿತ್ತು, ಅವರಿಗೆ ಅದರ ಗುಂಗು ಇನ್ನೂ ಇಳಿದಿರಲಿಲ್ಲ.

"ಹತ್ತು ಜನ ಒಂಬತ್ತು ಅನ್ನುತ್ತಾರೆ, ಒಬ್ಬಳು ಎರಡು ಅನ್ನುತ್ತಾಳೆ. ಬಹುಮತ ಯಾವ ಕಡೆ ಇದೆ?" ಎಂದು ಮರಾಠಿಯಲ್ಲಿ ಕೇಳಿದರು. "ಅದೂ ಹತ್ತೂ ಜನ ನಿಮ್ಮ ತರಗತಿಯವರೇ."

"ಹಾಗೆ ಬರೆಯಲು ಹೇಳಿದವನು ನಾನೇ, ಸಾಹೇಬರೆ. ತರಗತಿ ಹೋದರೆ ಹೋಗಲಿ."

"ಅದಕ್ಕೆ ಆಧಾರ?"

ವ್ಯಾಸರಾಜರು ನನ್ನ ಕಡೆ ತಿರುಗಿದರು. "ಗೋವಿಂದ, ನೀ ಇದ್ದೆಲ್ಲಪ. ಹೇಳು."

ಪ್ರಿನ್ಸಿಪಾಲರ ಪೆನ್ನು ನನ್ನ ಫಾರ್ಮಿನ ಮೇಲೆ ನಿಂತಿತ್ತು. ಒಂಬತ್ತು ಸುಳ್ಳೆಂದರೆ ನನ್ನ ಅಂಕವೂ ಹೋಗುತ್ತಿತ್ತು. ನನಗೆ ನೆನಪಿಲ್ಲ ಎಂದೆ. ಪೆನ್ನು ಸರಾಗವಾಗಿ ಓಡಿತು.

ತರಗತಿ ಉಳಿಯಿತು. ತುಂಗಾ ಕಾಲೇಜು ಬಿಟ್ಟಳು. ಆ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವ್ಯಾಸರಾಜರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೀಳುತ್ತಿದ್ದೆ, ಸುಳ್ಳು ಬರೆ ಎಂದು ಕಲಿಸಿದವರು ನೀವೇ ಅಲ್ಲವೇ ಎಂದು. ಅವರು ಅದಕ್ಕೂ ಅವಕಾಶ ಕೊಡದೆ, ನಾಲ್ಕು ಪುಸ್ತಕಗಳನ್ನು ಎತ್ತಿಕೊಂಡು, ನಾನು ಹೊರಗೆ ಹೋಗಲೆಂದು ಬಾಗಿಲು ಹಿಡಿದು ನಿಂತರು.